ಅನುಭವವೆಂಬ ಸಾಕ್ಷಿ: ಫಿನಾಮಿನಾಲಜಿಯ ಕುರಿತು ಒಂದು ವಿಮರ್ಶಾತ್ಮಕ ಚಿಂತನೆ

‘ಅನುಭವಿಸಿದವರಿಗೇ ಗೊತ್ತು’ ಎಂಬ ಮಾತು ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಚಿಕ್ಕ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡ ತಾಯಿ, ಮಕ್ಕಳಿಲ್ಲದ ದಂಪತಿ, ನಡುವಯಸ್ಸಿನಲ್ಲಿ ಕೆಲಸ ಕಳೆದುಕೊಂಡ ತಂದೆ ಇವರೆಲ್ಲರೂ ಒಂದಲ್ಲ ಒಂದು ದಿನ ಈ ಮಾತನ್ನು ಆಡಿರುತ್ತಾರೆ. ಅದರಲ್ಲಿ ಸತ್ಯವಿದೆ. ದೂರ ನಿಂತು ಉಪದೇಶ ಮಾಡುವವನಿಗೆ ಸಿಗದ ಅರಿವು ಬದುಕಿದವನಿಗೆ ಸಿಕ್ಕಿರುತ್ತದೆ. ಆದರೆ ಅದೇ ಮಾತು ಕೆಲವೊಮ್ಮೆ ಬಾಗಿಲಿಗೆ ಹಾಕಿದ ಬೀಗವೂ ಆಗುತ್ತದೆ. ಧ್ಯಾನಕೂಟದಲ್ಲಿ ಒಬ್ಬರು ಎದ್ದು ನಿಂತು ‘ಇದು ನನ್ನ ಸ್ವಂತ ಅನುಭವ’ ಎಂದ ಮೇಲೆ ಪ್ರಶ್ನೆ ಕೇಳುವವರು ಅವಿಶ್ವಾಸಿಗಳಾಗಿ ಕಾಣುತ್ತಾರೆ. ಇನ್ನೊಂದು ಕಡೆ, ನೊಂದವರು ತಮ್ಮ ನೋವನ್ನು ಹೇಳಿಕೊಂಡಾಗ ‘ಅದು ಬರೀ ನಿಮ್ಮ ಅನಿಸಿಕೆ, ವಸ್ತುಸ್ಥಿತಿ ಬೇರೆ’ ಎಂದು ಬಾಯಿ ಮುಚ್ಚಿಸುವ ರೂಢಿಯೂ ನಮ್ಮಲ್ಲಿದೆ. ಒಬ್ಬರ ಅನುಭವವನ್ನು ಪ್ರಶ್ನಾತೀತವೆಂದು ಪೂಜಿಸುತ್ತೇವೆ, ಮತ್ತೊಬ್ಬರದನ್ನು ಕೇಳಿಸಿಕೊಳ್ಳುವ ಮೊದಲೇ ತಳ್ಳಿಹಾಕುತ್ತೇವೆ.

ಹಾಗಾದರೆ ಅನುಭವಕ್ಕೆ ಇರುವ ಬೆಲೆ ಎಷ್ಟು? ಅದು ಸತ್ಯಕ್ಕೆ ಯಾವ ಬಗೆಯ ಸಾಕ್ಷಿ? ಈ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಗಂಭೀರವಾಗಿ ಕೈಗೆತ್ತಿಕೊಂಡ ತತ್ತ್ವಚಿಂತನೆಗೆ ಫಿನಾಮಿನಾಲಜಿ ಎಂದು ಹೆಸರು. ಹೆಸರು ಕೇಳಿದೊಡನೆ ಇದು ಗುರುಮಠದ ಪಾಠದ ಕೊಠಡಿಗೆ ಸೇರಿದ ವಿಷಯವೆಂದು ಓದುಗರು ಪುಟ ತಿರುವಬಾರದೆಂದು ಕೋರುತ್ತೇನೆ. ಈ ಚಿಂತನೆ ಯುರೋಪಿನಿಂದ ಹೊರಟು ನಮ್ಮ ನಾಡಿನ ಅಸ್ಪೃಶ್ಯತೆಯ ಪ್ರಶ್ನೆಯವರೆಗೂ ಬಂದಿದೆ. ಆ ಪ್ರಶ್ನೆ ನಮ್ಮ ಚರ್ಚಿನ ಆಸನಗಳನ್ನೂ ನಮ್ಮ ಸ್ಮಶಾನಗಳನ್ನೂ ಬಿಟ್ಟಿಲ್ಲ.

ವಸ್ತುಗಳ ಬಳಿಗೇ ಮರಳುವುದು

ಈ ಚಿಂತನೆಯ ಮೂಲಪುರುಷ ಎಡ್ಮಂಡ್ ಹುಸ್ಸೆರ್ಲ್. 1859ರಲ್ಲಿ ಮೊರಾವಿಯಾದ ಯೆಹೂದಿ ಕುಟುಂಬವೊಂದರಲ್ಲಿ ಹುಟ್ಟಿ, ಗಣಿತವನ್ನು ಓದಿ, ಅನಂತರ ತತ್ತ್ವಶಾಸ್ತ್ರಕ್ಕೆ ಬಂದವರು. ಅವರ ಗುರು ಫ್ರಾನ್ಸ್ ಬ್ರೆಂಟಾನೊ ಹಿಂದೊಮ್ಮೆ ಕಥೋಲಿಕ ಯಾಜಕರಾಗಿದ್ದವರು. ಮಧ್ಯಯುಗದ ಕ್ರೈಸ್ತ ಚಿಂತಕರಲ್ಲಿದ್ದ ಒಂದು ಒಳನೋಟವನ್ನು ಬ್ರೆಂಟಾನೊ 1874ರಲ್ಲಿ ಮತ್ತೆ ಬೆಳಕಿಗೆ ತಂದರು. ಮನುಷ್ಯನ ಪ್ರಜ್ಞೆ ಯಾವಾಗಲೂ ಯಾವುದೋ ಒಂದರ ಕಡೆಗೆ ಮುಖಮಾಡಿರುತ್ತದೆ ಎಂಬುದೇ ಆ ಒಳನೋಟ. ನೋಡುವುದೆಂದರೆ ಏನನ್ನೋ ನೋಡುವುದು. ಹೆದರುವುದೆಂದರೆ ಯಾವುದಕ್ಕೋ ಹೆದರುವುದು. ಪ್ರೀತಿಸುವುದೆಂದರೆ ಯಾರನ್ನೋ ಪ್ರೀತಿಸುವುದು. ಹುಸ್ಸೆರ್ಲ್ ಇದನ್ನು ಹಿಡಿದು 1900-01ರಲ್ಲಿ ಪ್ರಕಟಿಸಿದ ‘ತಾರ್ಕಿಕ ಶೋಧನೆಗಳು’ ಎಂಬ ಗ್ರಂಥದಿಂದ ಹೊಸ ಮಾರ್ಗವೊಂದನ್ನು ತೆರೆದರು. ಸಿದ್ಧಾಂತಗಳ ಗದ್ದಲವನ್ನು ಬದಿಗಿರಿಸಿ ವಸ್ತುಗಳು ನಮಗೆ ಹೇಗೆ ತೋರಿಬರುತ್ತವೆಯೋ ಹಾಗೆ ಅವುಗಳ ಬಳಿಗೇ ಮರಳಬೇಕು ಎಂಬುದು ಅವರ ಕರೆ.

ಇಲ್ಲಿ ಹೆಸರಿನ ಬಗ್ಗೆ ಒಂದು ಮಾತು ಅಗತ್ಯ. ಫಿನಾಮಿನಾಲಜಿಗೆ ಕನ್ನಡದಲ್ಲಿ ‘ವಿದ್ಯಮಾನಶಾಸ್ತ್ರ’ ಎನ್ನುವುದುಂಟು. ‘ಪ್ರತಿಭಾಸ’ ಎಂಬ ಪದವನ್ನಿಟ್ಟುಕೊಂಡು ಹೆಸರು ಕಟ್ಟಿದರೆ ಅಪಾರ್ಥಕ್ಕೆ ಎಡೆಯಾಗುತ್ತದೆ. ವೇದಾಂತದ ಪರಿಚಯವಿರುವ ಕನ್ನಡಿಗನಿಗೆ ಪ್ರಾತಿಭಾಸಿಕವೆಂದರೆ ಹಗ್ಗದಲ್ಲಿ ಕಂಡ ಹಾವು, ಚಿಪ್ಪಿನಲ್ಲಿ ಕಂಡ ಬೆಳ್ಳಿ. ತೋರಿದ್ದು ಸುಳ್ಳು, ಸತ್ಯ ಅದರ ಹಿಂದೆ ಇದೆ ಎಂಬ ಧ್ವನಿ ಅದರಲ್ಲಿದೆ. ಹುಸ್ಸೆರ್ಲರಿಗೆ ತೋರಿಕೆ ಎಂಬುದು ಸತ್ಯವನ್ನು ಮುಚ್ಚುವ ಪರದೆಯಾಗಿರಲಿಲ್ಲ; ಸತ್ಯವು ನಮ್ಮೆದುರು ಬಂದು ನಿಲ್ಲುವ ಬಗೆಯಾಗಿತ್ತು. ಈ ವ್ಯತ್ಯಾಸವನ್ನು ಹಿಡಿಯದಿದ್ದರೆ ಈ ಇಡೀ ಚಿಂತನೆ ‘ಅವರವರಿಗೆ ಕಂಡದ್ದೇ ಸತ್ಯ’ ಎಂಬ ಅಗ್ಗದ ಮಾತಿಗೆ ಇಳಿದುಬಿಡುತ್ತದೆ.

ನಮ್ಮೂರಿನದೇ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರ ಮಾರ್ಚ್ ತಿಂಗಳಲ್ಲಿ ಲೋಕಾರ್ಪಣೆಗೊಂಡು, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ಎಂಬ ಹೆಸರು ಪಡೆಯಿತು. ಅಳತೆಪಟ್ಟಿಗೆ ಆ ಉದ್ದ ಎಲ್ಲರಿಗೂ ಒಂದೇ. ಆದರೆ ಮಂಡಿನೋವಿನ ಅಜ್ಜಿ ತನ್ನ ಬೋಗಿಯನ್ನು ಹುಡುಕುತ್ತ ನಡೆಯುವಾಗ ಆ ಉದ್ದ ಬೇರೆ. ತಲೆಯ ಮೇಲೆ ಎರಡು ಪೆಟ್ಟಿಗೆ ಹೊತ್ತ ಹಮಾಲನಿಗೆ ಬೇರೆ. ದೂರದೂರಿಗೆ ದುಡಿಯಲು ಹೊರಟ ಮಗನ ಕಿಟಕಿಯ ಜೊತೆ ಹೆಜ್ಜೆ ಹಾಕುವ ತಾಯಿಗೆ ಅದೇ ಪ್ಲಾಟ್‌ಫಾರ್ಮ್ ತೀರ ಚಿಕ್ಕದು. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ, ಭ್ರಮೆಯಲ್ಲೂ ಇಲ್ಲ. ಮೊದಲು ಇರುವುದು ನಡೆದು ಕಂಡ ದಾರಿ. ಮೀಟರಿನ ಲೆಕ್ಕ ಅನಂತರ ಅದರಿಂದ ಹುಟ್ಟಿದ್ದು. ಹುಸ್ಸೆರ್ಲ್ 1936ರಲ್ಲಿ ಯುರೋಪಿನ ವಿಜ್ಞಾನಗಳ ಬಿಕ್ಕಟ್ಟಿನ ಬಗ್ಗೆ ಬರೆದಾಗ ಹೇಳಿದ್ದು ಇದನ್ನೇ. ಗೆಲಿಲಿಯೊನಿಂದೀಚೆಗೆ ಅಳತೆಯ ಜಗತ್ತನ್ನೇ ನಿಜವಾದ ಜಗತ್ತೆಂದು ನಂಬಿ, ನಾವು ಬಾಳುವ ಜಗತ್ತನ್ನು ಮರೆತೆವು ಎಂದು ಅವರು ಎಚ್ಚರಿಸಿದರು.

ಬಾಳುವ ಜಗತ್ತನ್ನು ಕಾಣಬೇಕಾದರೆ ಒಂದು ಶಿಸ್ತು ಬೇಕು. ನಮ್ಮ ಪೂರ್ವಗ್ರಹಗಳನ್ನು, ಅವಸರದ ತೀರ್ಪುಗಳನ್ನು, ಕಲಿತ ಸಿದ್ಧಾಂತಗಳನ್ನು ಸ್ವಲ್ಪ ಕಾಲ ಆವರಣ ಚಿಹ್ನೆಯೊಳಗೆ ಇಡುವುದು; ಅಲ್ಲಗಳೆಯದೆ, ಒಪ್ಪಿಕೊಳ್ಳದೆ, ತಡೆದು ನಿಲ್ಲುವುದು. ಹಾಗೆ ನಿಂತವನಿಗೆ ಅನುಭವದ ಒಳರಚನೆ ಕಾಣತೊಡಗುತ್ತದೆ. ಗಂಗೂಬಾಯಿ ಹಾನಗಲ್ಲರ ಗಾಯನವನ್ನು ಕೇಳಿದವರು ಇದನ್ನು ಸುಲಭವಾಗಿ ಗುರುತಿಸಬಲ್ಲರು. ಕಿವಿಗೆ ಬೀಳುವುದು ಒಂದು ಕ್ಷಣಕ್ಕೆ ಒಂದೇ ಸ್ವರ. ಆದರೂ ನಾವು ಕೇಳುವುದು ಬಿಡಿ ಸ್ವರಗಳನ್ನಲ್ಲ, ರಾಗವನ್ನು. ಆಗಿಹೋದ ಸ್ವರ ಇನ್ನೂ ಮನಸ್ಸಿನಲ್ಲಿ ನಿಂತಿದೆ, ಬರಲಿರುವ ಸ್ವರವನ್ನು ಮನಸ್ಸು ಆಗಲೇ ಎದುರುನೋಡುತ್ತಿದೆ. ಕಾಲದ ಅರಿವನ್ನು ಕುರಿತ 1905ರ ಉಪನ್ಯಾಸಗಳಲ್ಲಿ ಹುಸ್ಸೆರ್ಲ್ ಬಿಡಿಸಿ ತೋರಿಸಿದ್ದು ಈ ಸಾಮಾನ್ಯ ಸಂಗತಿಯನ್ನೇ. ಅನುಭವವೆಂದರೆ ಮಿಂಚಿ ಮರೆಯಾಗುವ ಭಾವಾವೇಶವಲ್ಲ. ಅದಕ್ಕೆ ಒಂದು ಕಟ್ಟಡವಿದೆ. ಕಟ್ಟಡವಿರುವುದರಿಂದಲೇ ಅದನ್ನು ಪರಿಶೀಲಿಸಬಹುದು, ಇನ್ನೊಬ್ಬರಿಗೆ ವಿವರಿಸಬಹುದು, ತಪ್ಪಿದ್ದರೆ ತಿದ್ದಿಕೊಳ್ಳಬಹುದು.

ಧರ್ಮಸಭೆಯ ಮನೆಯೊಳಗೆ

ಈ ಚಿಂತನೆಗೂ ಕಥೋಲಿಕ ಧರ್ಮಸಭೆಗೂ ಇರುವ ನಂಟು ಆಕಸ್ಮಿಕವಲ್ಲ. ಹುಸ್ಸೆರ್ಲ್ 1938ರ ಏಪ್ರಿಲ್ 27ರಂದು ಫ್ರೈಬುರ್ಗ್ ನಗರದಲ್ಲಿ ತೀರಿಕೊಂಡಾಗ, ನಾತ್ಸಿ ಆಡಳಿತದ ಕೈಗೆ ಸಿಕ್ಕಿ ನಾಶವಾಗಬಹುದಾಗಿದ್ದ ಸುಮಾರು 40,000 ಪುಟಗಳ ಶೀಘ್ರಲಿಪಿಯ ಹಸ್ತಪ್ರತಿಗಳನ್ನು ಬೆಲ್ಜಿಯಮ್ಮಿನ ಲುವೆನ್ ನಗರಕ್ಕೆ ಸಾಗಿಸಿ ಉಳಿಸಿದವರು ಹೆರ್ಮನ್ ಲಿಯೊ ವಾನ್ ಬ್ರೆಡಾ ಎಂಬ ಫ್ರಾನ್ಸಿಸ್ಕನ್ ಯಾಜಕರು. ಪೋಲೆಂಡಿನ ಕರೋಲ್ ವೊಯ್ತಿವಾ ಎಂಬ ಯುವ ಯಾಜಕರು ಮಾಕ್ಸ್ ಶೇಲರ್ ಎಂಬ ಫಿನಾಮಿನಾಲಜಿಯ ಚಿಂತಕರನ್ನು ಕುರಿತು 1950ರ ದಶಕದ ಆರಂಭದಲ್ಲಿ ಪ್ರಬಂಧ ಬರೆದರು. ಅನುಭವವನ್ನು ವಿವರಿಸಲು ಈ ಮಾರ್ಗ ನೆರವಾಗುತ್ತದೆ, ಆದರೆ ಕ್ರೈಸ್ತ ನೀತಿಶಾಸ್ತ್ರವನ್ನು ಇದೊಂದರ ಮೇಲೆಯೇ ಕಟ್ಟಲಾಗದು ಎಂಬುದು ಅವರ ತೀರ್ಮಾನವಾಗಿತ್ತು. ಅವರೇ ಮುಂದೆ ಜಗದ್ಗುರು ಎರಡನೇ ಜಾನ್ ಪಾಲ್ ಆದರು. 1998ರಲ್ಲಿ ವಿಶ್ವಾಸ ಮತ್ತು ವಿವೇಕವನ್ನು ಕುರಿತು ಅವರು ಹೊರಡಿಸಿದ ವಿಶ್ವಪತ್ರದಲ್ಲಿ, ಎರಡನ್ನೂ ಒಂದುಗೂಡಿಸಿದ ಆಧುನಿಕ ಚಿಂತಕರ ಸಾಲಿನಲ್ಲಿ ಎಡಿತ್ ಸ್ಟೈನ್ ಎಂಬ ಹೆಸರೂ ಇದೆ.

ಎಡಿತ್ ಸ್ಟೈನ್ 1891ರಲ್ಲಿ ಬ್ರೆಸ್ಲೌ ನಗರದ ಯೆಹೂದಿ ಮನೆತನದಲ್ಲಿ ಹುಟ್ಟಿದವರು. ಹುಸ್ಸೆರ್ಲರ ಶಿಷ್ಯೆ, ಅನಂತರ ಅವರ ಸಹಾಯಕಿ. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಓದನ್ನು ನಿಲ್ಲಿಸಿ ಸಾಂಕ್ರಾಮಿಕ ರೋಗ ತಗುಲಿದ ಸೈನಿಕರ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದರು. ಮರುವರ್ಷ ಅವರು ಸಾದರಪಡಿಸಿದ ಪ್ರಬಂಧದ ವಿಷಯ ‘ಪರಾನುಭೂತಿ’: ಇನ್ನೊಬ್ಬರ ಅನುಭವವನ್ನು ನಾನು ಹೇಗೆ ಅರಿಯುತ್ತೇನೆ? ಅವರ ಉತ್ತರವನ್ನು ಸರಳವಾಗಿ ಹೀಗೆ ಹೇಳಬಹುದು. ಗೆಳತಿಯ ಮುಖದಲ್ಲಿ ದುಃಖವನ್ನು ಕಾಣುವಾಗ ನಾನು ಅದನ್ನು ಊಹಿಸುತ್ತಿಲ್ಲ, ನಿಜವಾಗಿಯೂ ಕಾಣುತ್ತಿದ್ದೇನೆ. ಆದರೆ ಆ ದುಃಖ ನನ್ನೊಳಗೆ ಹುಟ್ಟಿದ್ದಲ್ಲ, ಅದರ ಬೇರು ಅವಳಲ್ಲಿದೆ. ಇನ್ನೊಬ್ಬರ ಅನುಭವ ನನಗೆ ತೆರೆದಿದೆ, ಆದರೂ ಅದು ನನ್ನ ಸೊತ್ತಾಗುವುದಿಲ್ಲ. ಎಡಿತ್ 1922ರ ಜನವರಿ 1ರಂದು ದೀಕ್ಷಾಸ್ನಾನ ಪಡೆದರು, 1933ರಲ್ಲಿ ಕಾರ್ಮೆಲ್ ಮಠವನ್ನು ಸೇರಿದರು, 1942ರ ಆಗಸ್ಟ್ 9ರಂದು ಆಶ್‌ವಿಟ್ಸ್ ಶಿಬಿರದಲ್ಲಿ ಹತರಾದರು. 1998ರ ಅಕ್ಟೋಬರ್ 11ರಂದು ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ಅವರ ಈ ಎರಡು ಮಾತುಗಳನ್ನು, ಅಂದರೆ ಇನ್ನೊಬ್ಬರ ಅನುಭವ ತೆರೆದಿದೆ ಹಾಗೂ ಅದು ನನ್ನದಲ್ಲ ಎಂಬುದನ್ನು, ನೆನಪಿನಲ್ಲಿಟ್ಟುಕೊಂಡು ನಮ್ಮ ನಾಡಿನ ಚರ್ಚೆಯೊಂದಕ್ಕೆ ಬರೋಣ.

ಅನುಭವ ಯಾರದು, ಮಾತು ಯಾರದು?

ರಾಜ್ಯಶಾಸ್ತ್ರಜ್ಞ ಗೋಪಾಲ್ ಗುರು 2002ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ ಪತ್ರಿಕೆಯಲ್ಲಿ ಒಂದು ಕಟುವಾದ ಪ್ರಶ್ನೆ ಎತ್ತಿದರು. ಭಾರತದ ಸಮಾಜವಿಜ್ಞಾನಗಳಲ್ಲಿ ಕೆಲವರು ಸಿದ್ಧಾಂತ ಕಟ್ಟುವವರು, ಇನ್ನುಳಿದವರು ಬರಿಯ ಮಾಹಿತಿ ಒದಗಿಸುವವರು ಎಂಬ ಜಾತಿಭೇದ ನೆಲೆಸಿದೆ. ದಲಿತರ ನೋವಿನ ಬಗ್ಗೆ ಅದನ್ನು ಅನುಭವಿಸದವರೇ ಸಿದ್ಧಾಂತ ಬರೆಯುತ್ತಿದ್ದಾರೆ ಎಂಬುದು ಅವರ ಆಕ್ಷೇಪ. ಭೌತವಿಜ್ಞಾನವನ್ನು ಓದಿ ತತ್ತ್ವಶಾಸ್ತ್ರಕ್ಕೆ ಬಂದ, ಬೆಂಗಳೂರಿನಲ್ಲಿ ದೀರ್ಘಕಾಲ ಕೆಲಸ ಮಾಡಿ ಮುಂದೆ ಮಣಿಪಾಲದಲ್ಲಿ ತತ್ತ್ವಶಾಸ್ತ್ರ ಮತ್ತು ಮಾನವಿಕಗಳ ಕೇಂದ್ರವನ್ನು ಕಟ್ಟಿದ ಸುಂದರ್ ಸರುಕ್ಕೈ 2007ರಲ್ಲಿ ಇದಕ್ಕೆ ಪ್ರತಿಕ್ರಿಯಿಸಿದರು. ಇಬ್ಬರ ನಡುವಿನ ಸಂವಾದ ಮುಂದುವರಿದು 2012ರಲ್ಲಿ ‘ದಿ ಕ್ರ್ಯಾಕ್ಡ್ ಮಿರರ್’, ಅಂದರೆ ‘ಬಿರುಕು ಬಿಟ್ಟ ಕನ್ನಡಿ’, ಎಂಬ ಇಂಗ್ಲಿಷ್ ಪುಸ್ತಕವಾಯಿತು. ಸರುಕ್ಕೈ ಅವರು 2009ರಲ್ಲಿ ಅಸ್ಪೃಶ್ಯತೆಯ ಫಿನಾಮಿನಾಲಜಿಯನ್ನು ಕುರಿತು ಬರೆದ ಪ್ರಬಂಧವೂ ಆ ಸಂವಾದದ ಭಾಗವೇ. ಕರ್ನಾಟಕದ ನೆಲದೊಡನೆ ನಂಟುಳ್ಳ ಈ ಪುಸ್ತಕ ಈ ಮಾರ್ಗಕ್ಕೆ ನಮ್ಮಲ್ಲಿ ಒದಗಿದ ಅತ್ಯಂತ ಕಠಿಣ ಪರೀಕ್ಷೆಯೆಂದು ನನ್ನ ಅಭಿಪ್ರಾಯ.

ಅದರಲ್ಲಿ ಎರಡು ಒಳನೋಟಗಳು ಬೆಲೆಯುಳ್ಳವು. ಮೊದಲನೆಯದು, ಬಾಳಿದ ಅನುಭವವೆಂದರೆ ಏನು ಎಂಬುದು. ಒಂದು ಸ್ಥಿತಿಯಲ್ಲಿ ಕೆಲವು ದಿನ ಇದ್ದುಬಂದ ಮಾತ್ರಕ್ಕೆ ಅದು ಬಾಳಿದ ಅನುಭವವಾಗದು. ಅದರಿಂದ ಹೊರಬರುವ ಸ್ವಾತಂತ್ರ್ಯ ಇಲ್ಲದಿರುವುದೇ ಅದರ ಲಕ್ಷಣ ಎನ್ನುತ್ತಾರೆ ಸರುಕ್ಕೈ. ಇದನ್ನು ನಾವು 2020ರ ನೆನಪಿನಿಂದ ಅಳೆದು ನೋಡಬಹುದು. ಕೊರೋನಾ ಕಾಲದಲ್ಲಿ ನಾವೆಲ್ಲರೂ ಒಬ್ಬರನ್ನೊಬ್ಬರು ಮುಟ್ಟದೆ ಬದುಕಿದೆವು. ಬಲಿಪೂಜೆಯಲ್ಲಿ ಶಾಂತಿಯ ಕುರುಹಾಗಿ ಕೈ ಕೊಡುವುದು ನಿಂತಿತು. ಕೆಲವರ ಅಂತ್ಯಕ್ರಿಯೆಗೆ ಮನೆಯವರೂ ಹತ್ತಿರ ಹೋಗಲಾಗಲಿಲ್ಲ. ‘ಅಸ್ಪೃಶ್ಯತೆ ಎಂದರೇನೆಂದು ಈಗ ನಮಗೂ ತಿಳಿಯಿತು’ ಎಂದು ಹೇಳಿದವರೂ ಉಂಟು. ನೋವು ನಿಜವಾದದ್ದೇ, ಆದರೆ ಆ ಮಾತು ಸರಿಯಲ್ಲ. ನಮ್ಮ ಅಂತರಕ್ಕೆ ಒಂದು ಕಾರಣವಿತ್ತು, ಒಂದು ಕೊನೆಯಿತ್ತು, ಅದು ಎಲ್ಲರಿಗೂ ಸಮನಾಗಿತ್ತು. ಹುಟ್ಟಿನಿಂದಲೇ ಅಂಟಿಸಿದ, ಕೊನೆಯೇ ಕಾಣದ, ತನಗೆ ಮಾತ್ರ ಮೀಸಲಾದ ಅಂತರದಲ್ಲಿ ಬದುಕಿದವನ ಅನುಭವದ ಕಟ್ಟಡವೇ ಬೇರೆ.

ಎರಡನೆಯದು ಸ್ಪರ್ಶವನ್ನು ಕುರಿತದ್ದು. ಕಣ್ಣು ತಾನು ಕಾಣಿಸಿಕೊಳ್ಳದೆಯೂ ನೋಡಬಲ್ಲದು; ಆದರೆ ಮುಟ್ಟುವ ಕೈ ಮುಟ್ಟಿಸಿಕೊಳ್ಳದೆ ಮುಟ್ಟಲಾರದು. ಬಲಗೈಯಿಂದ ಎಡಗೈಯನ್ನು ಮುಟ್ಟಿಕೊಂಡರೆ ಯಾವುದು ಮುಟ್ಟಿತು, ಯಾವುದು ಮುಟ್ಟಿಸಿಕೊಂಡಿತು ಎಂದು ಬೇರ್ಪಡಿಸುವುದು ಕಷ್ಟವೆಂಬುದನ್ನು ಹುಸ್ಸೆರ್ಲರೂ ಫ್ರಾನ್ಸಿನ ಮೆರ್ಲೊ-ಪೊಂಟಿಯವರೂ ತೋರಿಸಿದ್ದಾರೆ. ಸರುಕ್ಕೈ ಇದನ್ನು ನಮ್ಮ ಸಮಾಜಕ್ಕೆ ಅನ್ವಯಿಸುತ್ತಾರೆ. ಮಡಿಯಲ್ಲಿರುವವನನ್ನು ಅವನ ಮನೆಯವರೂ ಮುಟ್ಟುವಂತಿಲ್ಲ; ಅಂದರೆ ಮುಟ್ಟಬಾರದವನಾಗಿರುವುದು ಮೊದಲಿಗೆ ಮಡಿವಂತನ ಆದರ್ಶ. ತನ್ನ ಆ ಸ್ಥಿತಿಯನ್ನು ಕಾಯ್ದುಕೊಳ್ಳಲು ಅವನು ಅದರ ಕಳಂಕವನ್ನು ಇನ್ನೊಬ್ಬರ ಮೈಗೆ ಹೊರಿಸುತ್ತಾನೆ. ಆದ್ದರಿಂದ ಅಸ್ಪೃಶ್ಯತೆಯ ರೋಗ ಇರುವುದು ದೂರ ಇಡಲ್ಪಟ್ಟವನಲ್ಲಿ ಅಲ್ಲ, ದೂರ ಇಡುವವನ ಚರ್ಮದಲ್ಲಿ. ನಮ್ಮ ಭಾಷೆಗೂ ಇದರ ಸುಳಿವಿದೆಯೇನೋ. ಉತ್ತರ ಕರ್ನಾಟಕದಲ್ಲಿ ‘ಊರು ಮುಟ್ಟಿದೆವು’ ಎಂದರೆ ತಲುಪಿದೆವು ಎಂದರ್ಥ. ‘ರೊಕ್ಕ ಮುಟ್ಟಿತು’, ‘ಸುದ್ದಿ ಮುಟ್ಟಿಸಿದರು’ ಎನ್ನುತ್ತೇವೆ. ಮುಟ್ಟದವನು ತಲುಪುವುದೂ ಇಲ್ಲ.

ಒಂದು ಕಾದಂಬರಿಯ ಎದುರಿನಲ್ಲಿ

ಈ ವಿಚಾರಗಳನ್ನು ಪರೀಕ್ಷಿಸಲು ಕನ್ನಡದಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ಕ್ಕಿಂತ (1965) ತಕ್ಕ ಕೃತಿ ಇಲ್ಲ. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರಗೆಟ್ಟ ನಾರಣಪ್ಪ ಪ್ಲೇಗಿನಿಂದ ಸಾಯುತ್ತಾನೆ. ಅವನ ಹೆಣವನ್ನು ಯಾರು ಮುಟ್ಟಬೇಕು, ಯಾರು ಸಂಸ್ಕಾರ ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಪಂಡಿತ ಪ್ರಾಣೇಶಾಚಾರ್ಯರು ಗ್ರಂಥಗಳನ್ನು ತಿರುವುತ್ತಾರೆ, ಮಾರುತಿಯ ಗುಡಿಯಲ್ಲಿ ಕಾಯುತ್ತಾರೆ. ಗ್ರಂಥದಲ್ಲೂ ಗುಡಿಯಲ್ಲೂ ಸಿಗದ ತಿರುವು ಕಾಡಿನ ಕತ್ತಲಲ್ಲಿ ಚಂದ್ರಿಯ ಸ್ಪರ್ಶದಲ್ಲಿ ಬರುತ್ತದೆ; ಅವರು ತನ್ನನ್ನು ತಾನೇ ಮೊದಲ ಬಾರಿ ಕಾಣುತ್ತಾರೆ. ಇತ್ತ ಹೆಣಕ್ಕೆ ಗತಿ ಕಾಣಿಸುವವಳು ಅದೇ ಚಂದ್ರಿ. ಅವಳಿಗೆ ನೆರವಾಗುವವನು ಒಬ್ಬ ಮುಸಲ್ಮಾನ. ಸಿದ್ಧಾಂತವನ್ನು ಬದಿಗಿರಿಸಿ ಅನುಭವದ ಬಳಿಗೆ ಮರಳುವ ಪ್ರಯಾಣವನ್ನು ಇಷ್ಟು ತೀವ್ರವಾಗಿ ಕಂಡ ಕನ್ನಡ ಕೃತಿಗಳು ವಿರಳ.

ಆದರೆ ಗೋಪಾಲ್ ಗುರು ಅವರ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಮತ್ತೊಮ್ಮೆ ಓದಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅದೇ ಪ್ಲೇಗು ಊರಾಚೆಯ ಕೇರಿಗೂ ನುಗ್ಗಿದೆ. ಅಲ್ಲಿ ಸತ್ತವರನ್ನು ಗುಡಿಸಲ ಸಮೇತ ಸುಡಲಾಗುತ್ತದೆ. ಅಗ್ರಹಾರದ ಒಂದು ಹೆಣ ಇಡೀ ಕಾದಂಬರಿಯ ಧರ್ಮಸಂಕಟವಾದರೆ, ಕೇರಿಯ ಹೆಣಗಳು ಯಾರ ಧರ್ಮಕ್ಕೂ ಸಂಕಟ ತರುವುದಿಲ್ಲ. ಚಂದ್ರಿಯ, ಬೆಳ್ಳಿಯ ಮೈಯನ್ನು ಕಥೆ ಕಾಣುತ್ತದೆ. ಅವರ ಒಳಗನ್ನು ಆಚಾರ್ಯರ ಒಳಗಿನಷ್ಟು ಕಾಣುವುದಿಲ್ಲ. ಲೇಖಕರು ಅಗ್ರಹಾರವನ್ನು ಒಳಗಿನಿಂದ ಬಲ್ಲವರಾಗಿ ಅದರ ಟೊಳ್ಳನ್ನು ಬಯಲು ಮಾಡಿದರು. ಆ ಪ್ರಾಮಾಣಿಕತೆ ದೊಡ್ಡದು. ಆದರೂ ಕನ್ನಡಿ ಅಗ್ರಹಾರದ ಕಡೆಗೇ ತಿರುಗಿದೆ. ಕೇರಿಯ ಒಳಗಿನಿಂದ ಮಾತು ಕೇಳಲು ಕನ್ನಡ ಓದುಗರು ದೇವನೂರ ಮಹಾದೇವ, ಸಿದ್ದಲಿಂಗಯ್ಯ ಮುಂತಾದವರಿಗಾಗಿ ಕಾಯಬೇಕಾಯಿತು. ವಿಜಯಪುರ ಜಿಲ್ಲೆಯ ಮುದ್ದೇಬಿಹಾಳದಲ್ಲಿ ಹುಟ್ಟಿದ ಅರವಿಂದ ಮಾಲಗತ್ತಿಯವರ ಆತ್ಮಕಥನ ‘ಗೌರ್ಮೆಂಟ್ ಬ್ರಾಹ್ಮಣ’ ಪ್ರಕಟವಾದದ್ದು 1994ರಲ್ಲಿ. ಮೀಸಲಾತಿಯಿಂದ ಮುಂದೆ ಬಂದವರನ್ನು ಹಂಗಿಸುವ ಮಾತನ್ನೇ ಶೀರ್ಷಿಕೆಯಾಗಿ ಎತ್ತಿಕೊಂಡ ಆ ಪುಸ್ತಕ, ಬಾಲ್ಯದಿಂದ ವಿದ್ಯಾಭ್ಯಾಸದವರೆಗಿನ ಅವಮಾನಗಳನ್ನು ಬಿಡಿ ಬಿಡಿ ಘಟನೆಗಳಾಗಿ ಮುಂದಿಡುತ್ತದೆ. ನಡೆದದ್ದು ಹೀಗೆ, ನನಗೆ ತೋರಿದ್ದು ಹೀಗೆ ಎಂದು ಹೇಳುವ ಆ ರೀತಿಯೇ ಒಂದು ಶಿಸ್ತು.

ಮಾರ್ಗದ ಬಲ, ಮಾರ್ಗದ ಮಿತಿ

ಹಾಗಾದರೆ ಅನುಭವಿಸಿದವರು ಮಾತ್ರ ಮಾತನಾಡಬೇಕೆ? ಈ ಪ್ರಶ್ನೆಗೆ ‘ಬಿರುಕು ಬಿಟ್ಟ ಕನ್ನಡಿ’ ಒಂದೇ ಉತ್ತರ ಕೊಡುವುದಿಲ್ಲ. ಲೇಖಕರಿಬ್ಬರ ಭಿನ್ನಾಭಿಪ್ರಾಯವನ್ನು ಹಾಗೆಯೇ ಉಳಿಸಿಕೊಂಡಿರುವುದು ಆ ಪುಸ್ತಕದ ಗುಣ. ಇಲ್ಲಿ ಎಡಿತ್ ಸ್ಟೈನ್ ಅವರ ಮಾತು ನೆರವಿಗೆ ಬರುತ್ತದೆಂದು ನಾನು ಭಾವಿಸುತ್ತೇನೆ. ಇನ್ನೊಬ್ಬರ ಅನುಭವದ ಬೇರು ಅವರಲ್ಲೇ ಇರುವುದರಿಂದ ಅವರ ಮಾತಿಗೆ ಮೊದಲ ಸ್ಥಾನ ಸಲ್ಲಬೇಕು. ಅವರ ಪರವಾಗಿ ನಾನು ಮಾತನಾಡಿ ಅವರನ್ನು ಮೂಕರನ್ನಾಗಿಸುವಂತಿಲ್ಲ. ಅದೇ ವೇಳೆ, ಅವರ ಅನುಭವ ನನಗೆ ತೆರೆದಿರುವುದರಿಂದ ‘ನನಗೆ ಗೊತ್ತಾಗುವುದಿಲ್ಲ’ ಎಂದು ನಾನು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಗೊತ್ತಿಲ್ಲವೆಂಬುದು ಎಷ್ಟೋ ಸಲ ಕೇಳಿಸಿಕೊಳ್ಳಲು ಮನಸ್ಸಿಲ್ಲ ಎಂಬುದರ ಇನ್ನೊಂದು ಹೆಸರು.

ಮಿತಿಗಳೂ ಇವೆ. ವಿವರಿಸುವುದೇ ಬದಲಿಸುವುದಲ್ಲ. ಅಸ್ಪೃಶ್ಯತೆಯ ರಚನೆಯನ್ನು ಸೂಕ್ಷ್ಮವಾಗಿ ವಿವರಿಸಿ, ಸಂಜೆ ಅದೇ ರಚನೆಯೊಳಗೆ ನೆಮ್ಮದಿಯಿಂದ ಊಟ ಮಾಡಬಹುದು. ವೊಯ್ತಿವಾ ಅವರು ಶೇಲರ್ ವಿಷಯದಲ್ಲಿ ಕಂಡ ಕೊರತೆಯೂ ಇಂಥದ್ದೇ: ಮೌಲ್ಯವನ್ನು ಅನುಭವಿಸುವುದಕ್ಕೂ ಅದರಂತೆ ನಡೆಯುವ ಕರ್ತವ್ಯಕ್ಕೂ ನಡುವೆ ಒಂದು ಹೆಜ್ಜೆಯಿದೆ, ಅದನ್ನು ವ್ಯಕ್ತಿಯೇ ಇಡಬೇಕು. ಇದಲ್ಲದೆ ಅನುಭವ ತನ್ನ ಬಗ್ಗೆ ತಾನೇ ತಪ್ಪು ತಿಳಿಯಬಹುದು. ಬಹುಕಾಲ ದೂರ ಇಡಲ್ಪಟ್ಟವರು ಅದನ್ನೇ ದೈವೇಚ್ಛೆ ಎಂದು ನಂಬಿರಬಹುದು. ದೂರ ಇಟ್ಟವರು ಅದನ್ನೇ ಶುಚಿತ್ವ ಎಂದು ಭಾವಿಸಿರಬಹುದು. ಆದ್ದರಿಂದ ಅನುಭವ ಸಾಕ್ಷಿಯೇ ಹೊರತು ನ್ಯಾಯಾಧೀಶನಲ್ಲ. ಸಾಕ್ಷಿಯನ್ನು ಗೌರವದಿಂದ ಕರೆಯಬೇಕು, ಪೂರ್ತಿ ಕೇಳಬೇಕು, ಪ್ರಶ್ನಿಸಬೇಕು, ಇತರ ಸಾಕ್ಷಿಗಳೊಡನೆ ಇಟ್ಟು ನೋಡಬೇಕು. ಧ್ಯಾನಕೂಟದ ಸಾಕ್ಷ್ಯಕ್ಕೂ ಈ ನಿಯಮ ಸಲ್ಲುತ್ತದೆ, ಕೇರಿಯ ಸಾಕ್ಷ್ಯಕ್ಕೂ ಸಲ್ಲುತ್ತದೆ. ಒಂದಕ್ಕೆ ಚಪ್ಪಾಳೆ, ಇನ್ನೊಂದಕ್ಕೆ ಮೌನ ಎಂಬುದು ನ್ಯಾಯವಲ್ಲ.

ಕೈ ನೀಡಿದ ಪ್ರಭು

ಶುಭಸಂದೇಶಗಳನ್ನು ಈ ದೃಷ್ಟಿಯಿಂದ ಓದಿದರೆ ಪರಿಚಿತ ಪ್ರಸಂಗಗಳು ಹೊಸದಾಗಿ ತೆರೆದುಕೊಳ್ಳುತ್ತವೆ. ಮಾರ್ಕನು ಬರೆದ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಕುಷ್ಠರೋಗಿಯೊಬ್ಬನು ಯೇಸುವಿನ ಬಳಿಗೆ ಬರುತ್ತಾನೆ. ಒಂದು ಮಾತಿನಿಂದಲೇ ಗುಣಪಡಿಸಬಲ್ಲವರು ಕೈಚಾಚಿ ಅವನನ್ನು ಮುಟ್ಟುತ್ತಾರೆ. ಆ ಪ್ರಸಂಗದ ಕೊನೆಯನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ: ಗುಣಹೊಂದಿದವನು ಊರೊಳಗೆ ಸುದ್ದಿ ಹಬ್ಬಿಸುತ್ತ ತಿರುಗಾಡಿದರೆ, ಯೇಸು ಬಹಿರಂಗವಾಗಿ ಊರೊಳಗೆ ಹೋಗಲಾಗದೆ ಹೊರಗಿನ ನಿರ್ಜನ ಸ್ಥಳಗಳಲ್ಲಿ ಉಳಿಯಬೇಕಾಯಿತು. ಮುಟ್ಟಿದವರು ಮುಟ್ಟಿಸಿಕೊಂಡವನ ಜಾಗಕ್ಕೆ ಹೋದರು. ಲೂಕನ ಏಳನೆಯ ಅಧ್ಯಾಯದಲ್ಲಿ ನಾಯಿನೆಂಬ ಊರಿನ ವಿಧವೆಯ ಮಗನ ಶವಯಾತ್ರೆ ಎದುರಾಗುತ್ತದೆ. ಹೆಣವನ್ನು ಮುಟ್ಟಿದರೆ ಏಳು ದಿನ ಅಶುದ್ಧಿ ಎಂಬುದು ಮೋಶೆಯ ಧರ್ಮಶಾಸ್ತ್ರದ ವಿಧಿ. ಯೇಸು ಮುಂದೆ ಬಂದು ಚಟ್ಟವನ್ನು ಮುಟ್ಟುತ್ತಾರೆ. ದೂರ್ವಾಸಪುರದ ಪಂಡಿತರೆಲ್ಲ ಗ್ರಂಥದಲ್ಲಿ ಹುಡುಕಿದ ಉತ್ತರ ಆ ಒಂದು ಕೈಯಲ್ಲಿತ್ತು.

ತೋಮನ ಪ್ರಸಂಗ ಇನ್ನೂ ಸೂಕ್ಷ್ಮವಾದದ್ದು. ತಾನೇ ಕಂಡು, ತಾನೇ ಗಾಯಗಳಲ್ಲಿ ಬೆರಳಿಟ್ಟ ಹೊರತು ನಂಬುವುದಿಲ್ಲವೆಂದು ಅವನು ಹಟ ಹಿಡಿದ. ಪ್ರಭು ಅವನನ್ನು ತಿರಸ್ಕರಿಸಲಿಲ್ಲ, ಗಾಯಗಳನ್ನು ತೋರಿಸಿದರು. ಅನುಭವದ ಹಂಬಲಕ್ಕೆ ಅಲ್ಲಿ ಮರ್ಯಾದೆ ಸಿಕ್ಕಿತು. ಅದರೊಡನೆಯೇ, ಕಾಣದೆ ವಿಶ್ವಾಸವಿಟ್ಟವರು ಧನ್ಯರೆಂದು ಹೇಳುವ ಮೂಲಕ, ಇನ್ನೊಬ್ಬರ ಸಾಕ್ಷ್ಯವನ್ನು ನಂಬುವುದೂ ಸತ್ಯವನ್ನು ತಲುಪುವ ದಾರಿಯೆಂದು ಪ್ರಭು ಸೂಚಿಸಿದರು. ನಮ್ಮ ವಿಶ್ವಾಸವೆಲ್ಲ ಅಪೊಸ್ತಲರ ಸಾಕ್ಷ್ಯದ ಮೇಲೆ ನಿಂತಿದೆ. ಕಾಣದ ಪುನರುತ್ಥಾನವನ್ನು ಸಾಕ್ಷಿಗಳ ಮಾತಿನಿಂದ ನಂಬುವ ನಾವು, ಪಕ್ಕದ ಬೆಂಚಿನಲ್ಲಿ ಕುಳಿತವನ ಅವಮಾನವನ್ನು ಅವನ ಮಾತಿನಿಂದ ನಂಬಲಾರೆವೆ?

ಈ ಪ್ರಶ್ನೆ ಅಲಂಕಾರಕ್ಕಾಗಿ ಕೇಳಿದ್ದಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರ ಡಿಸೆಂಬರಿನಲ್ಲಿ ದಲಿತ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಧರ್ಮಸಭೆಯೊಳಗೇ ಜಾತಿತಾರತಮ್ಯ ಉಳಿದಿದೆಯೆಂದು ಒಪ್ಪಿಕೊಂಡು, ಅದನ್ನು ಪಾಪವೆಂದು ಕರೆಯಿತು. ದೇಶದ ಕೆಲವೆಡೆ ಕ್ರೈಸ್ತರಿಗೂ ಬೇರೆ ಬೇರೆ ಸ್ಮಶಾನಗಳು, ಬೇರೆ ಆಸನಗಳು ಇದ್ದದ್ದು ಸುಳ್ಳಲ್ಲ. ದೀಕ್ಷಾಸ್ನಾನದ ನೀರು ಒಂದೇ, ಪರಮಪ್ರಸಾದದ ರೊಟ್ಟಿ ಒಂದೇ. ಆದರೂ ಮಗಳ ಮದುವೆಯ ಮಾತು ಬಂದಾಗ ಕುಲ ಕೇಳುವ ಮನೆಗಳಿವೆ. ಅಂಥ ಮನೆಯವರನ್ನು ಕೇಳಿದರೆ ‘ನಮ್ಮ ಧರ್ಮಕೇಂದ್ರದಲ್ಲಿ ಭೇದಭಾವವೇ ಇಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಅವರಿಗೆ ಹಾಗೆ ತೋರುತ್ತದೆ. ಅವರ ಅನುಭವದಲ್ಲಿ ಅದು ಇಲ್ಲ. ಯಾರ ಅನುಭವದಲ್ಲಿ ಅದು ಇದೆಯೋ ಅವರನ್ನು ಇನ್ನೂ ಯಾರೂ ಕೇಳಿಲ್ಲ.

ಫಿನಾಮಿನಾಲಜಿಯಿಂದ ಧರ್ಮಕೇಂದ್ರದ ಕುಟುಂಬವೊಂದು ಕಲಿಯಬಹುದಾದದ್ದು ಇಷ್ಟು. ಯಾರಾದರೂ ತಮ್ಮ ನೋವನ್ನು ಹೇಳಲು ತೊಡಗಿದಾಗ ನಮ್ಮ ಸಮಜಾಯಿಷಿಯನ್ನು, ಉಪದೇಶವನ್ನು, ‘ನನಗೂ ಹೀಗೇ ಆಗಿತ್ತು’ ಎಂಬ ಮಾತನ್ನು ಸ್ವಲ್ಪ ಹೊತ್ತು ಬದಿಗಿಡುವುದು. ಏಕೆ ಹಾಗಾಯಿತೆಂದು ವಾದಿಸುವ ಮೊದಲು ಹೇಗೆ ಅನಿಸಿತೆಂದು ಕೇಳುವುದು. ಕೇಳಿದ್ದನ್ನು ನಮ್ಮದಾಗಿಸಿಕೊಳ್ಳದೆ, ಅವರದಾಗಿಯೇ ಉಳಿಸಿ ಗೌರವಿಸುವುದು. ಆಮೇಲೆ ಏನು ಮಾಡಬೇಕೆಂಬುದನ್ನು ಯಾವ ತತ್ತ್ವಶಾಸ್ತ್ರವೂ ನಮ್ಮ ಪರವಾಗಿ ತೀರ್ಮಾನಿಸುವುದಿಲ್ಲ; ಶಾಸ್ತ್ರ ನಮ್ಮನ್ನು ಕುಷ್ಠರೋಗಿಯ ಎದುರಿಗೆ ತ್ತಂದು ನಿಲ್ಲಿಸಬಲ್ಲದು, ಕೈಚಾಚುವುದು ನಮ್ಮ ಪಾಲಿನ ಕೆಲಸ. ಮುಂದಿನ ಭಾನುವಾರದ ಬಲಿಪೂಜೆಯಲ್ಲಿ ಶಾಂತಿಯನ್ನು ಹಂಚಿಕೊಳ್ಳಲು ಗುರುಗಳು ಕರೆ ಕೊಟ್ಟಾಗ, ನಮ್ಮ ಕೈ ಸಹಜವಾಗಿ ಯಾರ ಕಡೆಗೆ ಹೋಗುತ್ತದೆ, ಯಾರ ಕಡೆಗೆ ಹೋಗುವುದಿಲ್ಲ ಎಂಬುದನ್ನು ಒಮ್ಮೆ ಗಮನಿಸೋಣ.